ಹೆಗಲಿನ ಅಳತೆಯ ತೋಟಾ

ಮೊದಲ ಈಡು ಹಾರಿದಾಗ ಟ್ರೂಡಿ ಗುರಿಯ ಹಲಗೆಯ ಕಡೆ ನೋಡಲಿಲ್ಲ, ಅತ್ತೆಯ ಹೆಗಲಿನ ಕಡೆ ನೋಡಿದಳು. ದಪ್ಪ ಉಣ್ಣೆ ಕೋಟಿನೊಳಗೆ ಆ ಹೆಗಲು ಸ್ವಲ್ಪ ಹಿಂದೆ ಸರಿದು ಮತ್ತೆ ತನ್ನ ಜಾಗಕ್ಕೆ ಬಂತು. ಅಷ್ಟೇ. ವರ್ನಾ ಹಲ್ಲು ಕಚ್ಚಲಿಲ್ಲ, ಮುಖ ಕಿವುಚಲಿಲ್ಲ. ಜಲ್ಲಿ ತೆಗೆದ ಹಳ್ಳದ ಗೋಡೆಗಳಿಗೆ ಬಡಿದ ಸದ್ದು ಒಂದು ಸುತ್ತು ತಿರುಗಿ, ಗೋಧಿ ಕೊಯ್ದ ಹೊಲಗಳ ಮೇಲೆ ಹಾದು ಹೋಯಿತು.

"ಲೇ ಹುಡುಗಿ, ಎಲ್ಲಿ ಬಿತ್ತು ನೋಡೇ. ನಿಂತಲ್ಲೇ ನಿದ್ದೆ ಹೋದ್ಯಾ?"

ಟ್ರೂಡಿ ದುರ್ಬೀನು ಕಣ್ಣಿಗೆ ಹಿಡಿದಳು. "ನಟ್ಟನಡುವೆ ಬಿದ್ದಿದೆ."

"ಸಮಾಧಾನಕ್ಕೆ ಹೇಳ್ಬೇಡ. ನಾನೇನು ಅತ್ತುಬಿಡಲ್ಲ."

"ನಿಜವಾಗ್ಲೂ, ವರ್ನಾ. ನಂಬಿಕೆ ಇಲ್ದಿದ್ರೆ ನಡೆದು ಹೋಗಿ ನೋಡ್ಕೊಂಡು ಬನ್ನಿ."

ವರ್ನಾ ಇನ್ನೂ ಎರಡು ಈಡು ಹಾರಿಸಿದಳು. ಮೂರು ತೂತುಗಳನ್ನೂ ಒಂದು ಕಾಫಿ ಬಟ್ಟಲಿನಿಂದ ಮುಚ್ಚಬಹುದಿತ್ತು. ಆಕೆ ಕಿವಿಮುಚ್ಚಿಗೆ ತೆಗೆದು ಕುತ್ತಿಗೆಗೆ ಇಳಿಬಿಟ್ಟು, ಎಡಗೈಯಿಂದ ಬಲ ಹೆಗಲನ್ನು ಒತ್ತಿ ನೋಡಿಕೊಂಡಳು. ಯಾವುದೋ ನೋವು ಎಲ್ಲೋ ಅಡಗಿ ಕೂತಿರಬಹುದು ಎಂದು ಹುಡುಕುವ ಹಾಗಿತ್ತು.

"ಏನೂ ಇಲ್ಲ ಕಣೇ," ಎಂದಳು, ಅವಳ ಧ್ವನಿಯಲ್ಲಿ ಅವಳಿಗೇ ಆಶ್ಚರ್ಯ. "ಆ ಡಾಕ್ಟ್ರ ಹುಡುಗ ನನ್ನ ಹೆಗಲಿಗೆ ಟ್ರ್ಯಾಕ್ಟರ್ ಬೇರಿಂಗೇ ಕೂರಿಸಿದ್ದಾನೆ ಅನ್ಸುತ್ತೆ. ಗ್ರೀಸು ಹಾಕೋಕೆ ಒಂದು ತೂತು ಬಿಡೋದು ಮರೆತಿದ್ದಾನೆ, ಅಷ್ಟೇ."

ಹುಲ್ಲಿನ ಬಣವೆಯಿಂದ ಬಿದ್ದ ಮೇಲೆ ವರ್ನಾ ಹೀಗೆ ಬಾಯ್ತುಂಬ ನಕ್ಕಿರಲಿಲ್ಲ. ಟ್ರೂಡಿಯೂ ನಕ್ಕಳು. ನಗುತ್ತಲೇ ಬಗ್ಗಿ, ಜಲ್ಲಿಯ ಮೇಲೆ ಬಿದ್ದಿದ್ದ, ಹಾರಿದ ತೋಟಾಗಳ ಖಾಲಿ ಹಿತ್ತಾಳೆ ಕೊಳವೆಗಳನ್ನು ಆರಿಸತೊಡಗಿದಳು. ಅವು ಇನ್ನೂ ಬೆಚ್ಚಗಿದ್ದವು. ಆರಿಸುವುದು ಮುಗಿದ ಮೇಲೂ ಸ್ವಲ್ಪ ಹೊತ್ತು ತಲೆ ಎತ್ತಲಿಲ್ಲ.

ಆ ಮನೆಯಲ್ಲಿ ಅಂಗಡಿಯ ತೋಟಾ ತಂದದ್ದು ಯಾರಿಗೂ ನೆನಪಿಲ್ಲ. ಹಿತ್ತಿಲ ಬಾಗಿಲಿಗೆ ಹತ್ತಿದ ಬಟ್ಟೆ ಒಗೆಯುವ ಕೋಣೆಯಲ್ಲಿ, ವಾಷಿಂಗ್ ಮೆಷೀನಿನ ಎದುರಿಗೆ, ಒಂದು ದಪ್ಪ ಹಲಗೆಯ ಮೇಜಿದೆ. ಅದರ ಅಂಚಿಗೆ ಕೈಹಿಡಿಯ ಒತ್ತುಯಂತ್ರವನ್ನು ಬಿಗಿಯಲಾಗಿದೆ. ಚಳಿಗಾಲದುದ್ದಕ್ಕೂ ಅಲ್ಲಿ ಕೆಲಸ ನಡೆಯುತ್ತದೆ. ಹಾರಿಸಿದ ಕೊಳವೆಗಳನ್ನು ಉಜ್ಜಿ ತೊಳೆದು, ಯಂತ್ರದಲ್ಲಿ ಒತ್ತಿ ಹಳೆಯ ಆಕಾರಕ್ಕೆ ತಂದು, ಬುಡಕ್ಕೆ ಕಿಡಿ ಹೊತ್ತಿಸುವ ಹೊಸ ಕೇಪು ಕೂರಿಸಿ, ಮದ್ದನ್ನು ಪುಟ್ಟ ತಕ್ಕಡಿಯಲ್ಲಿ ತೂಗಿ ಸುರಿದು, ಮೇಲೆ ಗುಂಡು ಒತ್ತಿದರೆ ಒಂದು ತೋಟಾ ಆಯಿತು. ಹೀಗೆ ಒಂದೊಂದಾಗಿ. ವರ್ನಾ ಇದನ್ನು ಬ್ರೆಡ್ಡಿನ ಹಿಟ್ಟು ನಾದುವಷ್ಟೇ ಸಹಜವಾಗಿ ಮಾಡುತ್ತಿದ್ದಳು.

"ಅಂಗಡೀದು ಎಲ್ಲರ ಮೈಗೂ ಆಗ್ಲಿ ಅಂತ ಹೊಲಿದ ಅಂಗಿ," ಎನ್ನುತ್ತಿದ್ದಳು. "ಆಗುತ್ತೆ. ಆದ್ರೆ ತೋಳು ಉದ್ದ ಇರುತ್ತೆ, ಇಲ್ಲಾ ಕಂಕುಳು ಬಿಗಿಯುತ್ತೆ. ಇದು ನಿನ್ನ ಕೋವಿಗೆ, ನಿನ್ನ ಹೆಗಲಿಗೆ, ನೀನು ಹೊಡೆಯೋ ಪ್ರಾಣಿಗೆ ಅಂತ ಅಳತೆ ತಗೊಂಡು ಹೊಲಿಯೋದು."

ಟ್ರೂಡಿ ಮದುವೆಯಾಗಿ ಆ ಮನೆಗೆ ಬಂದಾಗ ಅವಳಿಗೆ ಕೋವಿ ಎಂದರೆ ಭಯವಿತ್ತು. ಗಂಡ ಲೈಲನ ಹಳೆಯ ಕೋವಿಯಿಂದ ಮೊದಲ ಸಲ ಹೊಡೆದಾಗ ಹೆಗಲು ಹಸಿರುಗಟ್ಟಿ, ಮುಂದಿನ ಸಲ ಕೋವಿಯ ಕುದುರೆ ಎಳೆಯುವ ಮುಂಚೆಯೇ ಕಣ್ಣು ಮುಚ್ಚಿಕೊಳ್ಳುತ್ತಿದ್ದಳು. ಲೈಲ್ ಗೇಲಿ ಮಾಡಿದ. ವರ್ನಾ ಮಾಡಲಿಲ್ಲ. ಆಕೆ ಸುಮ್ಮನೆ ಮೇಜಿಗೆ ಕೂತು ಸೊಸೆಯ ತೆಳು ಹೆಗಲಿಗೆ ತಕ್ಕ ಮೆದು ತೋಟಾ ತುಂಬಿಕೊಟ್ಟಳು. ಆಮೇಲೆ ಅವಳನ್ನು ಹೊಲಕ್ಕೆ ಕರೆದುಕೊಂಡು ಹೋಗಿ, ಹತ್ತಿರದಿಂದ, ದೂರದಿಂದ, ಇನ್ನೂ ದೂರದಿಂದ ಹೊಡೆಸಿದಳು. "ಮೆದು ತೋಟಾ ಹತ್ತಿರಕ್ಕೆ ನೇರ ಹೋಗುತ್ತೆ, ದೂರಕ್ಕೆ ಹೋದ ಹಾಗೆ ಇಳಿಯುತ್ತೆ. ಎಲ್ಲಿ ಎಷ್ಟು ಇಳಿಯುತ್ತೆ ಅಂತ ನಿನಗೆ ಗೊತ್ತಿರಬೇಕು. ಅಂದಾಜಲ್ಲ, ಗೊತ್ತಿರಬೇಕು." ಟ್ರೂಡಿಯ ಮಕ್ಕಳು ತೊಟ್ಟಿಲಲ್ಲಿದ್ದ ದಿನಗಳಲ್ಲಿ ತುಂಬುವ ಕೆಲಸವನ್ನೂ ಕಲಿಸಿದಳು. ಮದ್ದು ತೂಗುವಾಗ ಯಾರೂ ಮಾತಾಡಬಾರದು. ಮೇಜಿನ ಮೇಲೆ ಎರಡು ಬಗೆಯ ಮದ್ದು ಇರಬಾರದು. ಮಗು ಅತ್ತರೆ ಮೊದಲು ಮದ್ದಿನ ಡಬ್ಬಿ ಮುಚ್ಚು, ಆಮೇಲೆ ಮಗುವನ್ನು ಎತ್ತಿಕೋ.

ಆ ಭಾಗದಲ್ಲಿ ತಪ್ಪು ಈಡಿಗಿಂತ ದೊಡ್ಡ ತಪ್ಪಿಲ್ಲ. ಪಕ್ಕದ ಹೊಲದವನೊಬ್ಬ ಹೆಣ್ಣು ಜಿಂಕೆಯ ಕಾಲಿಗೆ ಹೊಡೆದು, ಕತ್ತಲಾಯಿತೆಂದು ಊಟಕ್ಕೆ ಮನೆಗೆ ಹೋಗಿಬಿಟ್ಟಿದ್ದ. ವರ್ನಾ ಮರುದಿನ ಬೆಳಿಗ್ಗೆ ರಕ್ತದ ಜಾಡು ಹಿಡಿದು ಹೊರಟು, ಸಂಜೆ ಹೊತ್ತಿಗೆ ಅದನ್ನು ಹುಡುಕಿ, ಅದರ ಕಷ್ಟ ಮುಗಿಸಿ ಬಂದಳು. ಆತ ಸಾಯುವವರೆಗೂ ಅವನ ಜೊತೆ ಮಾತಾಡಲಿಲ್ಲ. ಅವನ ಸಾವಿಗೆ ಮಾತ್ರ ಒಂದು ಸೇಬಿನ ಪೈ ಬೇಯಿಸಿ ಕಳಿಸಿದ್ದಳು.

ಈ ವಸಂತದಲ್ಲಿ ಬಿದ್ದು ಹೆಗಲು ಮುರಿದಾಗ ಡಾಕ್ಟರು ಲೋಹದ ಕೀಲು ಹಾಕಿದರು. ಮೊದಲಿನಂತೆ ಕೋವಿಯ ಒದೆ ಬಿದ್ದರೆ ಕೀಲು ಸಡಿಲಾಗಬಹುದು, ಆಮೇಲೆ ಕೈಯೇ ಎತ್ತಲಾಗದು ಎಂದೂ ಹೇಳಿದರು. ಬೇಸಿಗೆಯಲ್ಲಿ ಒಮ್ಮೆ ಟ್ರೂಡಿ ಒಗೆದ ಬಟ್ಟೆ ಮಡಚುತ್ತ, ಮಾತಿಗೆ ಮಾತು ಬಂದಂತೆ ಕೇಳಿದ್ದಳು:

"ನನಗೆ ಮಾಡಿಕೊಟ್ಟಿದ್ರಲ್ಲ, ಅಂಥ ಮೆದು ತೋಟಾ ನಿಮಗೂ ತುಂಬಲಾ?"

"ಅದು ಕಲಿಯೋರಿಗೆ." ವರ್ನಾ ಸಾಕ್ಸುಗಳ ಜೋಡಿ ಹುಡುಕುತ್ತಿದ್ದಳು. "ಮಕ್ಕಳ ತೋಟಾ ಹಾಕ್ಕೊಂಡು ಬೆಟ್ಟ ಹತ್ತೋದಕ್ಕಿಂತ ಮನೇಲಿ ಕೂತು ಟೀವಿ ನೋಡ್ತೀನಿ. ಬದುಕಿದ್ದೀನಿ ಅಂತ ಜನಕ್ಕೆ ಗೊತ್ತಾಗೋಕೆ ಕಿಟಕಿ ಹತ್ರ ಕುರ್ಚಿ ಹಾಕು, ಸಾಕು."

ಮಾತು ಅಲ್ಲಿಗೆ ನಿಂತಿತು. ಆದರೆ ಸೆಪ್ಟೆಂಬರಿನಲ್ಲಿ ಮೊದಲ ಹಿಮ ಬೆಟ್ಟದ ನೆತ್ತಿಗೆ ಬಿದ್ದ ದಿನ ವರ್ನಾ ಬಾಗಿಲಲ್ಲಿ ನಿಂತು ಬಹಳ ಹೊತ್ತು ಆ ಕಡೆ ನೋಡಿದಳು. ಬಂದು ಹೇಳಿದಳು: "ನನಗೆ ಆ ಯಂತ್ರದ ಹಿಡಿ ಎಳೆಯೋಕೆ ಆಗ್ತಿಲ್ಲ. ನೀನೇ ತುಂಬಿಡು. ನನ್ನ ಹಳೇ ಅಳತೆಯಲ್ಲೇ. ಒಂದೇ ಈಡು ಹೊಡಿತೀನಿ, ಹೆಗಲು ಕಿತ್ತು ಬರೋದಾದ್ರೆ ಬರ್ಲಿ."

ಅತ್ತೆ ವ್ಯಾಯಾಮ ಮಾಡಿಸಿಕೊಳ್ಳಲು ಆಸ್ಪತ್ರೆಗೆ ಹೋದ ಮಧ್ಯಾಹ್ನ ಟ್ರೂಡಿ ಮೇಜಿಗೆ ಕೂತಳು. ಹಿಂದೆ ಬಟ್ಟೆ ಒಗೆಯುವ ಯಂತ್ರ ತಿರುಗುತ್ತಿತ್ತು. ಹಳೆಯ ಅಳತೆಯ ಮದ್ದಿನ ಡಬ್ಬಿಗೆ ಕೈಹಾಕಿದಳು, ಹಿಂದಕ್ಕಿಟ್ಟಳು. ಮೆದು ತೋಟಾಕ್ಕೆಂದೇ ಬಳಸುವ ಇನ್ನೊಂದು ಮದ್ದನ್ನು ತೆಗೆದಳು. ಹಗುರ ಗುಂಡನ್ನು ಆರಿಸಿದಳು. ಪುಸ್ತಕದಲ್ಲಿ ಹೇಳಿದ ಮಿತಿಯೊಳಗೆ, ಒಂದು ಚಿಟಿಕೆ ಆಚೀಚೆ ಆಗದಂತೆ ತೂಗಿದಳು. ಅಷ್ಟು ಶ್ರದ್ಧೆಯಿಂದ ಅವಳು ಎಂದೂ ತುಂಬಿರಲಿಲ್ಲ. ಮರುದಿನ ತಾನೊಬ್ಬಳೇ ಜಲ್ಲಿಹಳ್ಳಕ್ಕೆ ಹೋಗಿ, ಆ ತೋಟಾ ಹಲಗೆಯ ನಡುವಿಗೆ ಬೀಳುವ ತನಕ ಅತ್ತೆಯ ಕೋವಿಯ ಮೇಲಿನ ಗುರಿ ದುರ್ಬೀನಿನ ತಿರುಪನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿದಳು. ಹೇಗಿದ್ದರೂ ಅವರು ಹೋಗುವುದು ಕೆಳಗಿನ ಒರತೆಗೆ. ಅಲ್ಲಿ ಜಿಂಕೆಗಳು ನೀರಿಗೆ ಬರುವುದು ಹಲಗೆಯಷ್ಟೇ ದೂರಕ್ಕೆ. ಅಷ್ಟಕ್ಕೆ ಆ ತೋಟಾ ಧಾರಾಳ ಸಾಕು. ಯಾರಿಗೂ ಏನೂ ನಷ್ಟವಿಲ್ಲ, ಎಂದುಕೊಂಡಿದ್ದಳು.

ಜಲ್ಲಿಹಳ್ಳದಿಂದ ಬಂದ ಸಂಜೆ ವರ್ನಾ ಊಟಕ್ಕೆ ತಾನೇ ಆಲೂಗಡ್ಡೆ ಸುಲಿದಳು. ತಟ್ಟೆಗೆ ಎರಡನೇ ಸಲ ಮಾಂಸ ಹಾಕಿಸಿಕೊಂಡಳು.

"ಲೈಲ್, ನಾಳೆ ನಮ್ಮನ್ನ ಮೇಲಿನ ಗೇಟಿನ ತನಕ ಬಿಡು."

ಲೈಲ್ ಬ್ರೆಡ್ಡಿಗೆ ಬೆಣ್ಣೆ ಸವರುತ್ತಿದ್ದ. "ಮೇಲಿನದಾ? ಒರತೆಗೆ ಹೋಗೋದು ಅಂದಿದ್ರಲ್ಲಮ್ಮ."

"ಒರತೆಗೆ ಮುದುಕೀರು ಹೋಗ್ತಾರೆ. ನಾನು ದಿಬ್ಬಕ್ಕೆ ಹೋಗ್ತೀನಿ. ನಿಮ್ಮಪ್ಪ ಇದ್ದಾಗ ಎಲ್ಲಿ ಕೂರ್ತಿದ್ನೋ ಅಲ್ಲೇ." ಆಕೆ ಮುಳ್ಳುಚಮಚ ಎತ್ತಿ ಮಗನ ಕಡೆ ತೋರಿಸಿದಳು. "ನಿನ್ನ ಹೆಂಡ್ತೀನ ಕೇಳು, ಮೂರು ಈಡೂ ಒಂದೇ ಕಡೆ. ಹೇಳೇ."

"ಹೌದು," ಎಂದಳು ಟ್ರೂಡಿ. "ಒಂದೇ ಕಡೆ."

ದಿಬ್ಬದ ಮೇಲೆ ಕೂತರೆ ಜಿಂಕೆ ಕಾಣುವುದು ಕೊರಕಲಿನ ಆಚೆ ದಂಡೆಯಲ್ಲಿ. ಅಲ್ಲಿಗೆ ಜಲ್ಲಿಹಳ್ಳದ ಹಲಗೆಗಿಂತ ಎರಡೂವರೆ ಪಟ್ಟು ದೂರ. ಅಷ್ಟು ದೂರಕ್ಕೆ ಎಷ್ಟು ಮೇಲೆ ಗುರಿ ಹಿಡಿಯಬೇಕೆಂಬುದು ವರ್ನಾಳಿಗೆ ಲೆಕ್ಕ ಹಾಕದೆಯೇ ಗೊತ್ತಿತ್ತು. ಆದರೆ ಆ ಗೊತ್ತಿರುವುದು ಹಳೆಯ ತೋಟಾದ್ದು.

ಪಾತ್ರೆ ತೊಳೆಯುವಾಗ ಟ್ರೂಡಿ ಗಂಡನಿಗೆ ಎಲ್ಲವನ್ನೂ ಹೇಳಿದಳು. ಅವನು ಕೈಯಲ್ಲಿದ್ದ ತಟ್ಟೆಯನ್ನು ಒರೆಸಿದ್ದನ್ನೇ ಒರೆಸಿದ.

"ಹೇಳಿಬಿಡು."

"ಹೇಗೆ ಹೇಳ್ಲಿ? ಊಟಕ್ಕೆ ಕೂತಾಗ ಅವರ ಮುಖ ನೋಡಿದ್ಯಾ?"

"ಹಳೇ ಅಳತೇಲಿ ಈಗ್ಲೇ ಒಂದೆರಡು ತುಂಬಿಬಿಡು."

"ತುಂಬಿದ್ರೆ ಹೆಗಲು ಹೋಗುತ್ತೆ. ದುರ್ಬೀನನ್ನೂ ತಿರುಗಿಸಿಟ್ಟಿದ್ದೀನಿ, ಹಳೇದು ಹಾಕಿದ್ರೆ ಅದು ಮೇಲಕ್ಕೆ ಹೋಗುತ್ತೆ. ಯಾವ ಕಡೆಯಿಂದ ನೋಡಿದ್ರೂ ಗಂಟು ಬಿಚ್ಚಲ್ಲ, ಲೈಲ್."

"ನನ್ನ ತೋಟಾ ಆ ಕೋವಿಗೆ ಕೂರಲ್ಲ," ಎಂದ ಅವನು, ಅದು ಅವಳಿಗೆ ಗೊತ್ತಿಲ್ಲವೇನೋ ಎಂಬಂತೆ. ಆಮೇಲೆ ತಟ್ಟೆಯನ್ನು ಗೂಡಿಗಿಟ್ಟು, "ಮೊದಲ ದಿನ ಏನೂ ಸಿಗದೇನೂ ಇರಬಹುದು. ಎಷ್ಟೋ ಸಲ ಸಿಗಲ್ಲ," ಎಂದ.

ಅದು ಹೇಡಿ ಮಾತೆಂದು ಇಬ್ಬರಿಗೂ ಗೊತ್ತಿತ್ತು. ಇಬ್ಬರೂ ಅದನ್ನೇ ಹಿಡಿದುಕೊಂಡು ಮಲಗಿದರು.

ಬೆಳಗಿನ ಬೆಳಕು ಇನ್ನೂ ಬೂದುಬಣ್ಣದಲ್ಲಿದ್ದಾಗ ಅವರಿಬ್ಬರೂ ಮೇಲಿನ ಗೇಟು ದಾಟಿ ನಡೆದರು. ಒಣ ಹುಲ್ಲಿನ ಮೇಲೆ ತೆಳ್ಳಗೆ ಹಿಮ ಬಿದ್ದಿತ್ತು. ವರ್ನಾ ಕೋವಿಯನ್ನು ಎಡ ಹೆಗಲಿಗೆ ಹಾಕಿಕೊಂಡು ಮುಂದೆ ಹೋಗುತ್ತಿದ್ದಳು. ಟ್ರೂಡಿ ತನ್ನ ಕೋವಿ ತಂದಿರಲಿಲ್ಲ, ಈ ದಿನ ಅತ್ತೆಯದು. ಅವಳ ಬೆನ್ನ ಮೇಲಿದ್ದುದು ಊಟದ ಚೀಲ. ಕಡಿದಾದ ಜಾಗಗಳಲ್ಲಿ ವರ್ನಾ ನಿಂತು ಉಸಿರು ತೆಗೆದುಕೊಂಡು, ನಿಂತದ್ದು ಸೊಸೆಗಾಗಿ ಎಂಬಂತೆ ತಿರುಗಿ ನೋಡುತ್ತಿದ್ದಳು.

"ಏನು ಮುಖ ಅದು? ಹಲ್ಲು ಕೀಳಿಸಿಕೊಳ್ಳೋಕೆ ಹೊರಟವಳ ಥರ."

"ಚಳಿ."

"ಚಳಿಗೆ ಬಾಯಿ ಮುಚ್ಚಿಕೊಳ್ಳೋದಲ್ಲ, ಮಾತಾಡ್ಬೇಕು. ಬೆಚ್ಚಗಾಗುತ್ತೆ."

ಟ್ರೂಡಿ ಮಾತಾಡಲು ಬಾಯಿ ತೆರೆದಳು. ಆದರೆ ವರ್ನಾ ಆಗಲೇ ಮುಂದೆ ಹೋಗಿದ್ದಳು, ಎಷ್ಟೋ ತಿಂಗಳಿಂದ ನಡೆಯದಿದ್ದ ನಡಿಗೆಯಲ್ಲಿ, ಮೊಣಕಾಲು ಎತ್ತಿ ಎತ್ತಿ. ಟ್ರೂಡಿ ಆ ಬೆನ್ನನ್ನೇ ನೋಡುತ್ತ ಹಿಂದೆ ನಡೆದಳು.

ದಿಬ್ಬದ ಮೇಲೆ ಬಂಡೆಯ ಮಗ್ಗುಲಲ್ಲಿ ಗಾಳಿ ತಾಗದ ಒಂದು ಜಾಗವಿತ್ತು. ವರ್ನಾ ಅಲ್ಲಿ ಬೋರಲಾಗಿ ಮಲಗಿ, ಚೀಲದ ಮೇಲೆ ಕೋವಿ ಊರಿದಳು. ಕೆಳಗೆ ಕೊರಕಲು, ಆಚೆ ದಂಡೆಯಲ್ಲಿ ಕುಳ್ಳ ಜುನಿಪರ್ ಪೊದೆಗಳು. ಟ್ರೂಡಿ ಪಕ್ಕದಲ್ಲಿ ದುರ್ಬೀನು ಹಿಡಿದು ಕೂತು, ಏನೂ ಬಾರದಿರಲಿ ಎಂದು ಪ್ರಾರ್ಥಿಸಿದಳು. ಬೇಟೆಗೆ ಕೂತು ಅಂಥ ಪ್ರಾರ್ಥನೆ ಮಾಡಿದ್ದು ಅದೇ ಮೊದಲು.

ಬಿಸಿಲು ಆಚೆ ದಂಡೆಯ ಅರ್ಧಕ್ಕೆ ಇಳಿದಾಗ ಪೊದೆಗಳ ನಡುವಿನಿಂದ ಮೊದಲು ಎರಡು ಹೆಣ್ಣು ಜಿಂಕೆ ಬಂದವು. ಅವುಗಳ ಹಿಂದೆ, ಅವಸರವಿಲ್ಲದೆ, ಒಂದು ಗಂಡು. ಕುತ್ತಿಗೆ ಊದಿಕೊಂಡಿತ್ತು. ಕೋಡು ಕವಲೊಡೆದು ಎರಡೂ ಕಡೆ ಹರಡಿತ್ತು. ಅದು ಅಡ್ಡಲಾಗಿ ನಿಂತು ಹುಲ್ಲಿಗೆ ಬಾಯಿ ಹಾಕಿತು.

"ಬಂದ್ಯಾ ರಾಜ," ಎಂದು ವರ್ನಾ ಉಸಿರಿನಲ್ಲೇ ಹೇಳಿದಳು.

ಆಕೆಯ ಕೆನ್ನೆ ಕೋವಿಯ ಹಿಡಿಗೆ ಒತ್ತಿತು. ಕೋವಿಯ ತುದಿ ಕೂದಲೆಳೆಯಷ್ಟು ಮೇಲೆದ್ದು ನಿಂತಿತು. ಹಳೆಯ ತೋಟಾಕ್ಕೆ ಎಷ್ಟು ಬೇಕೋ ಅಷ್ಟೇ. ಟ್ರೂಡಿ ದುರ್ಬೀನಿನಲ್ಲಿ ಜಿಂಕೆಯ ಎದೆ ನೋಡಿದಳು. ಎದೆಯ ಕೆಳಗೆ ಸಪೂರ ಮುಂಗಾಲು. ಗುಂಡು ಅಲ್ಲಿಗೆ ಬೀಳುತ್ತದೆ. ಆಮೇಲೆ ಅದು ಮೂರು ಕಾಲಲ್ಲಿ ಆ ಪೊದೆಗಳೊಳಗೆ ಓಡುತ್ತದೆ. ವರ್ನಾ ಈ ಹೆಗಲು ಹೊತ್ತುಕೊಂಡು ಅದರ ಹಿಂದೆ ಹೋಗುತ್ತಾಳೆ, ನಿಲ್ಲುವುದಿಲ್ಲ. ತನ್ನ ಕಣ್ಣು ಹೋಯಿತು, ಕೈ ಹೋಯಿತು ಎಂದುಕೊಳ್ಳುತ್ತಾಳೆ. ಸಾಯುವ ತನಕ ಹಾಗೇ ಅಂದುಕೊಂಡಿರುತ್ತಾಳೆ.

"ವರ್ನಾ, ಹೊಡೀಬೇಡಿ."

ವರ್ನಾ ಅಲುಗಲಿಲ್ಲ. ಬೆರಳು ಮಾತ್ರ ಕುದುರೆಯಿಂದ ಈಚೆ ಬಂತು. "ಆಚೆ ಜನ ಇದ್ದಾರಾ?"

"ಇಲ್ಲ. ಇದು ಮೆದು ತೋಟಾ. ನಾನು ಹಳೇ ಅಳತೇಲಿ ತುಂಬಲಿಲ್ಲ."

ಕೊರಕಲಿನಿಂದ ಗಾಳಿ ಮೇಲೆ ಬಂತು. ಜಿಂಕೆ ತಲೆ ಎತ್ತಿ, ಇನ್ನೊಂದು ಕಡೆ ನೋಡಿ, ಮತ್ತೆ ಬಗ್ಗಿತು.

"ನಿನಗೆ ಹೊಲದಲ್ಲಿ ಕಲಿಸಿದ್ನಲ್ಲ, ಅದಾ?"

"ಹೂಂ. ಅದಕ್ಕಿಂತ ಚೂರು ಜೋರು. ದುರ್ಬೀನನ್ನೂ ಅದಕ್ಕೆ ಸರಿ ಮಾಡಿಟ್ಟೆ."

"ಇಲ್ಲಿಂದ ಅಲ್ಲಿಗೆ ಎಷ್ಟು ಇಳಿಯುತ್ತೆ?"

ಆ ಪ್ರಶ್ನೆ ಬರುತ್ತದೆಂದು ಟ್ರೂಡಿ ಎಣಿಸಿರಲಿಲ್ಲ. ಬೈಗುಳಕ್ಕೆ ಸಿದ್ಧಳಾಗಿದ್ದಳು. "ಗೊತ್ತಿಲ್ಲ," ಎಂದಳು. "ಹಲಗೆಯಿಂದಾಚೆ ಹೊಡೆದು ನೋಡಿಲ್ಲ."

ವರ್ನಾ ಇನ್ನೂ ಸ್ವಲ್ಪ ಹೊತ್ತು ಹಾಗೇ ನೋಡುತ್ತಿದ್ದಳು. ಆಕೆಯ ಕಣ್ಣಿಗೆ ಆ ಜಿಂಕೆ ಎಷ್ಟು ಹತ್ತಿರ ಕಾಣುತ್ತಿತ್ತೋ. ಆಮೇಲೆ ಕೋವಿಯ ಖಾನೆ ತೆರೆದು ತೋಟಾ ಹೊರಗೆ ತೆಗೆದಳು. ಅದನ್ನು ಅಂಗೈಯಲ್ಲಿಟ್ಟು ತೂಗಿದಳು. ಜಿಂಕೆಗಳು ಮೇಯುತ್ತ ಮೇಯುತ್ತ ದಂಡೆಯ ನೆತ್ತಿಗೆ ಹೋದವು. ಮೊದಲು ಹೆಣ್ಣುಗಳು ಮರೆಯಾದವು, ಕೊನೆಗೆ ಕೋಡು.

"ಅದರ ಕಾಲು ಮುರಿದಿರ್ತಿದ್ದೆ ನಾನು."

"ಗೊತ್ತು."

"ಗೊತ್ತಿತ್ತು, ಗೊತ್ತಿದ್ದೂ ಇಲ್ಲೀ ತನಕ ಬಂದೆ. ದಾರೀಲಿ ಅಷ್ಟು ಹೊತ್ತು ನನ್ನ ಹಿಂದೆ ನಡೆದು ಬಂದೆ."

ಟ್ರೂಡಿ ಫ್ಲಾಸ್ಕಿನಿಂದ ಕಾಫಿ ಸುರಿದು ಅತ್ತೆಯ ಮುಂದೆ ಇಟ್ಟಳು. ವರ್ನಾ ಅದನ್ನು ಮುಟ್ಟಲಿಲ್ಲ. ಅದು ಆರಿ, ಮೇಲೆ ಒಂದು ಹುಲ್ಲಿನ ಚೂರು ಬಂದು ಬಿತ್ತು.

ಇಳಿಯುವಾಗ ಕಡಿದಾದ ಜಾಗದಲ್ಲಿ ಟ್ರೂಡಿ ಕೈ ಚಾಚಿದಳು. ವರ್ನಾ ಆ ಕೈಯನ್ನು ನೋಡಿ, ಪಕ್ಕದ ಪೊದೆಯ ಕೊಂಬೆ ಹಿಡಿದುಕೊಂಡು ಇಳಿದಳು.

ಗೇಟಿನ ಹತ್ತಿರ ಲೈಲ್ ಗಾಡಿಗೆ ಒರಗಿ ನಿಂತಿದ್ದ. ಇಬ್ಬರ ಮುಖವನ್ನೂ ನೋಡಿದವನು ಕಣ್ಣು ಕೆಳಗೆ ಹಾಕಿದ. ವರ್ನಾಳಿಗೆ ಅಷ್ಟು ಸಾಕಾಯಿತು.

"ಓಹೋ. ನಿನಗೂ ಗೊತ್ತಿತ್ತು."

"ಅಮ್ಮ, ಅವಳು ನಿಮ್ಮ ಒಳ್ಳೇದಕ್ಕೇ..."

"ಗಾಡಿ ಓಡಿಸು."

ಮೂರು ಜನರೂ ಒಂದೇ ಸೀಟಿನಲ್ಲಿ ಭುಜಕ್ಕೆ ಭುಜ ತಾಗಿಸಿ ಕೂತು, ಒಂದು ಮಾತೂ ಇಲ್ಲದೆ ಮನೆಗೆ ಬಂದರು.

ಮರುದಿನ ಭಾನುವಾರ. ವರ್ನಾ ಚರ್ಚಿಗೆ ಪಕ್ಕದ ಮನೆಯವರ ಕಾರಿನಲ್ಲಿ ಹೋದಳು. ಊಟಕ್ಕೆ ಬಂದು ಕೂತಳು, ಉಪ್ಪು ಕೇಳಿದಳು, ಮೊಮ್ಮಕ್ಕಳನ್ನು ಮಾತಾಡಿಸಿದಳು. ಕೋವಿ ಮೂಲೆಯ ಕಪಾಟಿಗೆ ಹೋಗಿತ್ತು. ಕಿಟಕಿಯ ಬಳಿಯ ಕುರ್ಚಿಯಲ್ಲಿ ಆಕೆ ಕೂತದ್ದನ್ನು ನೋಡಿದಾಗಲೆಲ್ಲ ಟ್ರೂಡಿಗೆ ಒಲೆಯ ಮೇಲಿಟ್ಟದ್ದು ಮರೆತುಹೋಗುತ್ತಿತ್ತು. ಸೂಪು ಎರಡು ಸಲ ತಳ ಹಿಡಿಯಿತು.

ಸೋಮವಾರ ಮಕ್ಕಳು ಸ್ಕೂಲಿಗೆ ಹೋದ ಮೇಲೆ ಅವಳು ಒಗೆಯುವ ಕೋಣೆಯಲ್ಲಿ ಹಾಸಿಗೆ ಹೊದಿಕೆ ಮಡಚುತ್ತಿದ್ದಳು. ವರ್ನಾ ಬಂದು ಮೇಜಿನ ಮುಂದಿನ ಸ್ಟೂಲಿನ ಮೇಲೆ ಕೂತಳು. ಸ್ವಲ್ಪ ಹೊತ್ತು ಒತ್ತುಯಂತ್ರದ ಹಿಡಿಯನ್ನು ಸುಮ್ಮನೆ ಸವರಿದಳು.

"ಯಾವ ಮದ್ದು ಹಾಕಿದೆ?"

ಟ್ರೂಡಿ ಹೇಳಿದಳು. ಅಳತೆಯನ್ನೂ ಹೇಳಿದಳು.

"ಗುಂಡು?"

ಅದನ್ನೂ ಹೇಳಿದಳು. ವರ್ನಾ ತಲೆಯಾಡಿಸಿದಳು.

"ತುಂಬಿದ್ದು ಕೆಟ್ಟದಾಗಿಲ್ಲ. ಮೂರೂ ಒಂದೇ ಕಡೆ ಬಿದ್ದುವಲ್ಲ. ನಾನೇ ತುಂಬಿದ್ರೂ ಹಾಗೇ ತುಂಬ್ತಿದ್ದೆ." ಹೊದಿಕೆಯ ಇನ್ನೊಂದು ತುದಿ ಹಿಡಿದುಕೊಂಡಳು. ಇಬ್ಬರೂ ಅದನ್ನು ಎಳೆದು, ಮಡಚಿ, ಹತ್ತಿರ ಬಂದರು. ಬಲಗೈ ಮೇಲೆತ್ತಲಾಗದೆ ವರ್ನಾಳ ಕಡೆಯ ಅಂಚು ಸ್ವಲ್ಪ ಕೆಳಗಿತ್ತು. "ಅಳತೆ ತಗೊಳ್ಳೋವಾಗ ಅಂಗಿ ತೊಡೋರನ್ನ ಕರೀಬೇಕಿತ್ತು. ಅದೊಂದನ್ನ ನೀನು ಮಾಡ್ಲಿಲ್ಲ."

"ಕರೆದಿದ್ರೆ ನೀವು ಬರ್ತಿದ್ರಾ?"

"ಇಲ್ಲ." ವರ್ನಾಳ ಬಾಯಿಯ ಮೂಲೆ ಸ್ವಲ್ಪ ಬಾಗಿತು. "ಬೈದಿರ್ತಿದ್ದೆ. ಬೈಸಿಕೊಳ್ಳೋಕೆ ಇಷ್ಟು ವರ್ಷದಲ್ಲಿ ಅಭ್ಯಾಸ ಆಗಿರಬೇಕಲ್ಲ ನಿನಗೆ."

"ನಿಮಗೆ ಅವತ್ತು ಗೊತ್ತಾಗಲೇ ಇಲ್ವಾ? ಒದೆ ಕಮ್ಮಿ, ಸದ್ದೂ ಕಮ್ಮಿ."

ವರ್ನಾ ಮಡಚಿದ ಹೊದಿಕೆಯನ್ನು ಎದೆಗೆ ಒತ್ತಿಕೊಂಡು ನಿಂತಳು.

"ಏನೋ ಸರಿ ಇಲ್ಲ ಅಂತ ಅನ್ನಿಸ್ತು. ಕೈಗೆ ಗೊತ್ತಾಗುತ್ತೆ ಕಣೇ ಅದು. ಆದ್ರೆ ಹೆಗಲು ವಾಸಿ ಆಗಿದೆ ಅಂತ ನಂಬೋದು ಚೆನ್ನಾಗಿತ್ತು. ನಾನೂ ಕೇಳ್ಲಿಲ್ಲ."

ಬಟ್ಟೆ ಒಣಗಿಸುವ ಯಂತ್ರ ಸದ್ದು ಮಾಡಿ ನಿಂತಿತು. ಟ್ರೂಡಿ ಅದರ ಬಾಗಿಲು ತೆಗೆಯಲು ಹೋದಳು.

"ಅದು ಇರ್ಲಿ ಬಿಡು," ಎಂದಳು ವರ್ನಾ. "ಮದ್ದು ತೆಗಿ. ನಾನು ತೂಗ್ತೀನಿ, ಎಡಗೈ ಇದೆಯಲ್ಲ. ನೀನು ಹಿಡಿ ಎಳಿ."

ಮಧ್ಯಾಹ್ನದವರೆಗೂ ಅವರು ತುಂಬಿದರು. ಮದ್ದು ತೂಗುವಾಗ ಎಂದಿನಂತೆ ಯಾರೂ ಮಾತಾಡಲಿಲ್ಲ. ಆದರೆ ಆ ಮೌನ ಹಿಂದಿನ ಎರಡು ದಿನದ ಮೌನವಾಗಿರಲಿಲ್ಲ. ಒಮ್ಮೆ ವರ್ನಾ ತಕ್ಕಡಿಯ ಮುಳ್ಳು ನಿಲ್ಲುವುದನ್ನು ಕಾಯುತ್ತ, ಸೊಸೆಯ ಕೂದಲಿಗೆ ಅಂಟಿದ್ದ ನೂಲಿನ ಎಳೆಯೊಂದನ್ನು ತೆಗೆದು ಬಿಸಾಡಿದಳು.

ಊಟದ ನಂತರ ಕೋವಿ, ಒಂದು ಮಡಿಚುವ ಕುರ್ಚಿ, ಮೊಳೆ ಹೊಡೆದು ರಟ್ಟು ಸಿಕ್ಕಿಸಿದ ಒಂದು ಗೂಟ ತೆಗೆದುಕೊಂಡು ಮನೆಯ ಹಿಂದಿನ ಹೊಲಕ್ಕೆ ನಡೆದರು. ಗೋಧಿ ಕೊಯ್ದ ಹೊಲ ಬೆಟ್ಟದ ಬುಡದವರೆಗೂ ಬರಿದಾಗಿ ಚಾಚಿತ್ತು. ವರ್ನಾ ಬೇಲಿಯ ಕಂಬಕ್ಕೆ ಮಡಚಿದ ಕೋಟು ಒತ್ತಿ, ಅದರ ಮೇಲೆ ಕೋವಿಯನ್ನು ಊರಿ ಕೂತಳು. ಹತ್ತಿರದಿಂದ ಶುರು ಮಾಡಿದರು. ಅಲ್ಲಿ ಗುಂಡು ನೇರ ನಡುವಿಗೆ ಬಿತ್ತು. ಟ್ರೂಡಿ ಗೂಟ ಕಿತ್ತುಕೊಂಡು ಮುಂದೆ ಹೋಗಿ ನೆಟ್ಟು, ಹಿಂದೆ ಬಂದಳು. ಅಲ್ಲಿ ಎರಡು ಬೆರಳು ಇಳಿಯಿತು. ಇನ್ನೂ ಮುಂದೆ ಹೋದಾಗ ಒಂದು ಅಂಗೈ. ಪ್ರತಿ ಸಲವೂ ವರ್ನಾ ಎಷ್ಟು ಮೇಲೆ ಹಿಡಿಯಬೇಕೆಂದು ತುಟಿಯಲ್ಲೇ ಹೇಳಿಕೊಂಡು, ಅಷ್ಟು ಹಿಡಿದು, ಮತ್ತೊಂದು ಈಡು ಹೊಡೆದು, ಬಿದ್ದ ಜಾಗ ನೋಡಿ, "ಹೂಂ" ಎನ್ನುತ್ತಿದ್ದಳು. ನಡುನಡುವೆ ಹೆಗಲು ಒತ್ತಿಕೊಳ್ಳುತ್ತಿದ್ದಳು. ನೋವಿದೆಯಾ ಎಂದು ಟ್ರೂಡಿ ಕೇಳಿದ್ದಕ್ಕೆ, "ಚೂರು ಇದೆ," ಎಂದಳು.

"ನಿಲ್ಲಿಸೋಣ್ವಾ?"

"ಎಲ್ಲಿ ನಿಲ್ಲಿಸ್ಬೇಕು ಅಂತ ನಾನು ಹೇಳ್ತೀನಿ. ನೀನು ನಡಿ."

ಟ್ರೂಡಿ ಗೂಟವನ್ನು ಕಂಕುಳಲ್ಲಿ ಇಟ್ಟುಕೊಂಡು ನಡೆದಳು. ಕೊಯ್ದ ಗೋಧಿಯ ಕೂಳೆ ಬೂಟಿನ ಕೆಳಗೆ ಮುರಿಯುತ್ತಿತ್ತು. ಹಿಂದಿನ ಸಲ ಗೂಟ ನೆಟ್ಟಿದ್ದ ತೂತು ದಾಟಿದ ಮೇಲೆ ನಿಂತು ತಿರುಗಿ ನೋಡಿದಳು. ಬೇಲಿಯ ಹತ್ತಿರ ವರ್ನಾಳ ಕಿತ್ತಳೆ ಬಣ್ಣದ ಬೇಟೆ ಜಾಕೆಟ್ಟು ಕಾಣುತ್ತಿತ್ತು. ಖಾಲಿ ಕೋವಿ ಖಾನೆ ತೆರೆದುಕೊಂಡು ತೊಡೆಯ ಮೇಲಿತ್ತು. ವರ್ನಾ ಎಡಗೈ ಬೀಸಿದಳು. ಇನ್ನೂ ಮುಂದೆ. ಟ್ರೂಡಿ ನಡೆದು ಮತ್ತೆ ತಿರುಗಿದಳು. ಇನ್ನೂ ಸ್ವಲ್ಪ. ದಿಬ್ಬದಿಂದ ಆಚೆ ದಂಡೆಗಿರುವಷ್ಟು ದೂರವಾಗಬೇಕಾದರೆ ಹೊಲದಲ್ಲಿ ಇನ್ನೂ ಬಹಳ ನಡೆಯಬೇಕಿತ್ತು, ಹೊಲದ ಆಚೆ ತುದಿಯ ಕಲ್ಲುಗುಡ್ಡೆಯ ತನಕ. ಅವಳು ಅದನ್ನು ಕಣ್ಣಲ್ಲಿಟ್ಟುಕೊಂಡೇ ಹೆಜ್ಜೆ ಹಾಕಿದಳು.

ಮತ್ತೆ ತಿರುಗಿ ನೋಡಿದಾಗ ವರ್ನಾ ಕುರ್ಚಿಯಿಂದ ಎದ್ದು ನಿಂತಿದ್ದಳು. ಬಲಗೈಯನ್ನು ನಿಧಾನವಾಗಿ, ಹೋಗುವಷ್ಟು ಮೇಲಕ್ಕೆ, ಹೆಗಲಿನ ಮಟ್ಟದ ತನಕ ಎತ್ತಿ, ಅಂಗೈ ತೋರಿಸಿದಳು. ಅಲ್ಲೇ ಸಾಕು.

ಟ್ರೂಡಿ ಒಮ್ಮೆ ಕಲ್ಲುಗುಡ್ಡೆಯ ಕಡೆ ನೋಡಿದಳು. ಕೈ ಮತ್ತೆ ಬೀಸಬಹುದೇನೋ ಎಂದು ಕಾದಳು. ಅಂಗೈ ಅಲ್ಲೇ ಇತ್ತು.

ನೆಲ ಮೇಲೆ ಹೆಪ್ಪುಗಟ್ಟಿತ್ತು, ಅದರ ಕೆಳಗೆ ಮೆತ್ತಗಿತ್ತು. ಅವಳು ಗೂಟವನ್ನು ಅಲ್ಲಿಯೇ ಊರಿ, ಅದು ಅಲುಗದ ಹಾಗೆ ಹಿಮ್ಮಡಿಯಿಂದ ಮಣ್ಣು ತುಳಿದಳು.